ಗಾಲಿಯ ಮಾತು: ಡೀಸೆಲ್ಲೋ, ಟರ್ಬೊ ಪೆಟ್ರೋಲೋ?

ಈ ಸಲದ ಅಂಚೆಯಲ್ಲಿ ಬಂದವು ಹೆಚ್ಚುಕಡಿಮೆ ಒಂದೇ ಜಗಳದ ಪತ್ರಗಳು. ಡೀಸೆಲ್ ಪಕ್ಷದವರು ಮೈಲೇಜ್ ಎನ್ನುತ್ತಾರೆ, ಟರ್ಬೊ ಪೆಟ್ರೋಲ್ ಪಕ್ಷದವರು ಪಿಕಪ್ ಎನ್ನುತ್ತಾರೆ. ಇಬ್ಬರೂ ತಮ್ಮ ಕಾರಿನ ಕರಪತ್ರವನ್ನೇ ಸಾಕ್ಷಿಗೆ ಕರೆಯುತ್ತಾರೆ. ಎರಡೂ ಬಗೆಯ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸುವುದರಲ್ಲೇ ಕೈ ಕಪ್ಪಾಗಿಸಿಕೊಂಡ ನನಗೆ ಕರಪತ್ರದ ಮೇಲೆ ಅಷ್ಟೇನೂ ಗೌರವವಿಲ್ಲ. ಆದ್ದರಿಂದ ಕೆಲವರಿಗೆ ಉತ್ತರ ಖಾರವಾಗಿ ಕಂಡೀತು.

ಪ್ರಶ್ನೆ: ಒಂದು ಲೀಟರಿನ, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಕಾರು ಕೊಂಡೆ. ಲೀಟರಿಗೆ 20 ಕಿ.ಮೀ. ಎಂದು ಬರೆದಿದ್ದರು. ನನಗೆ 12, ಬಹಳವೆಂದರೆ 13 ಸಿಗುತ್ತಿದೆ. ಸರ್ವಿಸ್‌ನವರು ‘ಎಲ್ಲ ಸರಿಯಾಗಿಯೇ ಇದೆ’ ಎಂದು ಕೈ ತೊಳೆದುಕೊಂಡರು. ನಾನು ಮೋಸಹೋದೆನೇ?

ಉತ್ತರ: ಸರ್ವಿಸ್‌ನವರು ಹೇಳಿದ್ದು ನಿಜವಿರಬಹುದು. ಆದರೆ ಏಕೆಂದು ಅವರು ವಿವರಿಸಬೇಕಿತ್ತು.

ಮೆಲ್ಲಗೆ ಹೋಗುವಾಗ ನಿಮ್ಮದು ನಿಜಕ್ಕೂ ಒಂದು ಲೀಟರಿನ ಪುಟ್ಟ ಎಂಜಿನ್, ಅದಕ್ಕೆ ತಕ್ಕಂತೆ ಮಿತವಾಗಿಯೇ ಕುಡಿಯುತ್ತದೆ. ಆ್ಯಕ್ಸಿಲರೇಟರನ್ನು ಒತ್ತಿದೊಡನೆ ಹೊರಹೋಗುವ ಹೊಗೆಯ ರಭಸಕ್ಕೆ ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷ, ಎರಡು ಲಕ್ಷ ಸುತ್ತು ತಿರುಗಿ, ಅದೇ ಸಿಲಿಂಡರಿಗೆ ಎರಡು ಲೀಟರಿನ ಎಂಜಿನ್ ಎಳೆದುಕೊಳ್ಳುವಷ್ಟು ಗಾಳಿಯನ್ನು ತುರುಕುತ್ತದೆ. ಪೆಟ್ರೋಲ್ ಎಂಜಿನ್ನಿನ ಕಟ್ಟುಪಾಡು ಇರುವುದೇ ಇಲ್ಲಿ. ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ 14.7 ಕೆ.ಜಿ. ಗಾಳಿಗೆ 1 ಕೆ.ಜಿ. ಪೆಟ್ರೋಲ್ ಬೀಳಲೇಬೇಕು. ಗಾಳಿ ಎರಡು ಪಟ್ಟಾದರೆ ಪೆಟ್ರೋಲೂ ಎರಡು ಪಟ್ಟು. ಕೊಂಡದ್ದು ಒಂದು ಲೀಟರಿನ ಎಂಜಿನ್ನೇ ಇರಬಹುದು, ಓಡಿಸುವಾಗ ಎರಡು ಲೀಟರಿನ ಶಕ್ತಿ ಕೇಳಿದರೆ ಕುಡಿಯುವುದೂ ಎರಡು ಲೀಟರಿನ ಎಂಜಿನ್ನಿನಷ್ಟೇ.

ಇದರ ಮೇಲೊಂದು ದಂಡವೂ ಉಂಟು. ಪೂರ್ತಿ ಒತ್ತಿಕೊಂಡು ಹೋಗುವಾಗ ಟರ್ಬೊದ ಬಾಯಿಗೆ ಬರುವ ಹೊಗೆಯ ಉಷ್ಣತೆ ಸಾವಿರ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುತ್ತದೆ. ಅದಕ್ಕಿಂತ ಮೇಲೇರಿದರೆ ಟರ್ಬೈನಿನ ರೆಕ್ಕೆಗಳಿಗೂ ಕನ್ವರ್ಟರಿಗೂ ಕೇಡು. ಹಾಗಾಗಿ ಅನೇಕ ಎಂಜಿನ್‌ಗಳಲ್ಲಿ ಕಂಪ್ಯೂಟರ್ ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲ್ ಚಿಮುಕಿಸಿ ಒಳಗನ್ನು ತಂಪಾಗಿಸುತ್ತದೆ. ಆ ಹೆಚ್ಚುವರಿ ಪೆಟ್ರೋಲ್ ಗಾಡಿಯನ್ನು ಒಂದು ಅಡಿಯೂ ಮುಂದಕ್ಕೆ ತಳ್ಳುವುದಿಲ್ಲ. ಇತ್ತೀಚಿನ ಎಂಜಿನ್‌ಗಳಲ್ಲಿ ಹೊಗೆಯನ್ನು ಒಟ್ಟುಗೂಡಿಸಿ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಸಿಲಿಂಡರ್ ಹೆಡ್ಡಿನೊಳಗೇ ಎರಕಹೊಯ್ದು, ಸುತ್ತ ನೀರು ಹರಿಸಿ ಈ ದಂಡವನ್ನು ಕಡಿಮೆಮಾಡಿದ್ದಾರೆ. ಆದರೂ ಹೆದ್ದಾರಿಯಲ್ಲಿ ಮುಂದಿನ ಗಾಡಿಗಳನ್ನೆಲ್ಲ ಹಿಂದೆ ಹಾಕುತ್ತ ಹೋಗುವವರು ಅದನ್ನು ಒಂದಿಷ್ಟಾದರೂ ಕಟ್ಟುತ್ತಲೇ ಇರುತ್ತಾರೆ.

ಹಾಗಾದರೆ ಆ 20 ಎಲ್ಲಿಂದ ಬಂತು? ಪ್ರಯೋಗಾಲಯದ ರೋಲರ್ ಮೇಲಿನಿಂದ. ಯೂರೋಪಿನಲ್ಲಿ 2017ರವರೆಗೆ ನಡೆಯುತ್ತಿದ್ದ ಎನ್‌ಇಡಿಸಿ ಪರೀಕ್ಷೆಯನ್ನೇ ನೋಡಿ. ಇಡೀ ಪರೀಕ್ಷೆ 20 ನಿಮಿಷ, 11 ಕಿ.ಮೀ. ಅದರಲ್ಲಿ ನಿಂತ ಕಾರು 50 ಕಿ.ಮೀ. ವೇಗ ಮುಟ್ಟಲು 26 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅಷ್ಟು ಸಾವಕಾಶದಲ್ಲಿ ಟರ್ಬೊ ನಿದ್ದೆಯಿಂದ ಏಳುವುದೇ ಇಲ್ಲ. ಪುಟ್ಟ ಟರ್ಬೊ ಎಂಜಿನ್‌ಗಳು ಹಾಳೆಯ ಮೇಲೆ ಮಿಂಚಿದ್ದಕ್ಕೆ ಇದೊಂದು ದೊಡ್ಡ ಕಾರಣ. ಅದರ ಜಾಗಕ್ಕೆ ಬಂದ ಡಬ್ಲ್ಯುಎಲ್‌ಟಿಪಿ ಪರೀಕ್ಷೆ ಹೆಚ್ಚು ಬಿಗಿಯಾದದ್ದು: 30 ನಿಮಿಷ, 23 ಕಿ.ಮೀ.ಗೂ ತುಸು ಹೆಚ್ಚು, ಗರಿಷ್ಠ ವೇಗ 131. ಅಂಕಿಗಳು ವಾಸ್ತವಕ್ಕೆ ಹತ್ತಿರ ಬಂದಿವೆ, ಆದರೂ ಪರೀಕ್ಷೆ ಪರೀಕ್ಷೆಯೇ.

ನಿಮಗೆ ಒಂದು ಕೆಲಸ ಕೊಡುತ್ತೇನೆ. ಮುಂದಿನ ಸಲ ಟ್ಯಾಂಕ್ ಪೂರ್ತಿ ತುಂಬಿಸಿ, ಪಂಪಿನ ಮೂತಿ ಮೊದಲ ಸಲ ತಾನಾಗಿ ನಿಂತಲ್ಲಿಗೆ ನಿಲ್ಲಿಸಿ. ಅದು ಮುಗಿಯುವತನಕ ನಿಮಿಷಕ್ಕೆ 2,500 ಸುತ್ತು, ಅಂದರೆ 2,500 ಆರ್‌ಪಿಎಂ ದಾಟದೆ, ಬೇಗ ಬೇಗ ಮೇಲಿನ ಗೇರಿಗೆ ಹೋಗಿ ಓಡಿಸಿ. ಅದೇ ಪಂಪಿನಲ್ಲಿ ಮತ್ತೆ ತುಂಬಿಸಿ ಲೆಕ್ಕಹಾಕಿ. ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಸಂಖ್ಯೆಯನ್ನು ನಂಬಬೇಡಿ, ಅದು ಸಾಮಾನ್ಯವಾಗಿ ಮಾಲೀಕನನ್ನು ಮೆಚ್ಚಿಸುವ ಸ್ವಭಾವದ್ದು. 16, 17 ಬಂದರೆ ಕಾರು ಸರಿಯಿದೆ ಎಂದರ್ಥ. ಉಳಿದದ್ದು ನಿಮ್ಮ ಬಲಗಾಲಿನ ಖಾತೆ.

ಪ್ರಶ್ನೆ: ಒಂದೇ ಮಾದರಿಯ ಕಾರು, ಒಂದೇ ದಾರಿ. ಅಣ್ಣನ ಡೀಸೆಲ್ 21 ಕೊಡುತ್ತದೆ, ನನ್ನ ಟರ್ಬೊ ಪೆಟ್ರೋಲ್ 16. ಇಬ್ಬರೂ ಮೆಲ್ಲಗೇ ಓಡಿಸುತ್ತೇವೆ. ಡೀಸೆಲ್‌ನಲ್ಲಿ ಅಂಥದ್ದೇನಿದೆ?

ಉತ್ತರ: ಮೊದಲನೆಯದಾಗಿ, ನೀವು ಲೀಟರಿನಲ್ಲಿ ಅಳೆಯುತ್ತಿದ್ದೀರಿ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ, ಪೆಟ್ರೋಲ್ ಸುಮಾರು 745. ಕೆ.ಜಿ.ಗೆ ಇಬ್ಬರ ಶಕ್ತಿಯೂ ಹೆಚ್ಚುಕಡಿಮೆ ಒಂದೇ, 43 ಮೆಗಾಜೂಲ್‌ನ ಹತ್ತಿರ. ಹಾಗಾಗಿ ಲೀಟರ್ ಎಂದಾಗಲೇ ಡೀಸೆಲ್ಲಿಗೆ ಶೇ 11ರಷ್ಟು ಮುಂಗಡ ಸಿಕ್ಕಿಬಿಡುತ್ತದೆ. ನಿಮ್ಮ 16ಕ್ಕೆ ಅದನ್ನು ಸೇರಿಸಿದರೆ 17.8 ಆಗುತ್ತದೆ. ಎಂಜಿನ್ನಿನ ನಿಜವಾದ ಜಾಣ್ಮೆ ಎನ್ನಬಹುದಾದದ್ದು ಅಲ್ಲಿಂದ 21ರವರೆಗಿನ ಅಂತರ ಮಾತ್ರ.

ಆ ಜಾಣ್ಮೆಯಲ್ಲಿ ಒಂದು ಪಾಲು ಸಂಪೀಡನದ್ದು. ಈಗಿನ ಕಾರಿನ ಡೀಸೆಲ್ ಎಂಜಿನ್ ಗಾಳಿಯನ್ನು 15ರಿಂದ 17 ಪಟ್ಟು ಅದುಮುತ್ತದೆ. ಬಹುತೇಕ ಟರ್ಬೊ ಪೆಟ್ರೋಲ್ ಎಂಜಿನ್‌ಗಳು 10ರ ಆಚೀಚೆ ನಿಲ್ಲುತ್ತವೆ. ಹೆಚ್ಚು ಅದುಮಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ತೆಗೆಯಬಹುದು. ರುಡಾಲ್ಫ್ ಡೀಸೆಲ್ ಹಿಡಿದ ಎಳೆ ಇದೇ. ಆತನ ಎಂಜಿನ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಪರೀಕ್ಷೆಗೆ ನಿಂತಾಗ ಇಂಧನದ ಶೇ 26.2ರಷ್ಟು ಶಕ್ತಿಯನ್ನು ಕೆಲಸಕ್ಕೆ ತಿರುಗಿಸಿತ್ತು. ಉಗಿ ಯಂತ್ರಗಳ ಆ ಕಾಲಕ್ಕೆ ಅದು ದಿಗಿಲು ಹುಟ್ಟಿಸುವ ಸಂಖ್ಯೆ. ಪೆಟ್ರೋಲ್ ಎಂಜಿನ್ನಿಗೂ ಅದುಮುವ ಆಸೆ ಇದೆ, ಆದರೆ ಪೆಟ್ರೋಲ್ ಮತ್ತು ಗಾಳಿ ಬೆರೆತೇ ಒಳಗಿರುವುದರಿಂದ ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪುವ ಮೊದಲೇ ಬೇಡದ ಕಡೆ ತಾನಾಗಿ ಹೊತ್ತಿಕೊಂಡು ಕುಟ್ಟತೊಡಗುತ್ತದೆ.

ಉಳಿದ ಪಾಲನ್ನು ಯಾರೂ ಗಮನಿಸುವುದಿಲ್ಲ, ಆದರೆ ಊರೊಳಗಿನ ಓಡಾಟದಲ್ಲಿ ಅದೇ ಮುಖ್ಯ. ಪೆಟ್ರೋಲ್ ಎಂಜಿನ್ನಿನ ಶಕ್ತಿಯನ್ನು ಕಡಿಮೆಮಾಡಬೇಕಾದರೆ ಗಾಳಿಯನ್ನೇ ಕಡಿಮೆಮಾಡಬೇಕು. ಅದಕ್ಕೆಂದೇ ದಾರಿಗೆ ಅಡ್ಡಲಾಗಿ ಥ್ರಾಟಲ್ ಎಂಬ ಬಾಗಿಲಿದೆ. ಅರ್ಧ ಮುಚ್ಚಿದ ಬಾಗಿಲಿನಿಂದ ಗಾಳಿಯೆಳೆಯುವ ಎಂಜಿನ್ನಿನ ಪಾಡು ಮೂಗು ಹಿಡಿದುಕೊಂಡು ಓಡುವವನ ಪಾಡು. ಉಸಿರೆಳೆಯುವುದಕ್ಕೇ ಒಂದಿಷ್ಟು ಶಕ್ತಿ ಹೋಗುತ್ತದೆ. ಡೀಸೆಲ್ಲಿಗೆ ಹಾಗೆ ಅಡ್ಡ ನಿಲ್ಲುವ ಬಾಗಿಲು ಬೇಕಾಗಿಲ್ಲ. ಗಾಳಿ ಧಾರಾಳವಾಗಿ ಒಳಬರುತ್ತದೆ, ಎಷ್ಟು ಶಕ್ತಿ ಬೇಕೋ ಅಷ್ಟೇ ಡೀಸೆಲ್ ಚಿಮ್ಮುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ, ತೆವಳುವಾಗ, ಸಮತಟ್ಟಿನಲ್ಲಿ ಹಗುರವಾಗಿ ಹೋಗುವಾಗ ಡೀಸೆಲ್ ಉಳಿಸುವುದು ಇದರಿಂದಲೇ. ಪೆಟ್ರೋಲ್ ಎಂಜಿನ್ನನ್ನು ಚಿಕ್ಕದು ಮಾಡಿ ಟರ್ಬೊ ಜೋಡಿಸುವ ಉಪಾಯದ ಹಿಂದಿರುವ ತರ್ಕವೂ ಇಷ್ಟೇ: ಎಂಜಿನ್ ಪುಟ್ಟದಾದರೆ ಬಾಗಿಲು ಹೆಚ್ಚು ಹೊತ್ತು ತೆರೆದಿರುತ್ತದೆ.

ಪ್ರಶ್ನೆ: ದಿನಕ್ಕೆ ಎಷ್ಟು ಕಿ.ಮೀ. ಓಡಿಸಿದರೆ ಡೀಸೆಲ್ ಲಾಭ?

ಉತ್ತರ: ಕೇಳಬೇಕಾದದ್ದು ಅದಲ್ಲ. ದಿನಕ್ಕೆ 60 ಕಿ.ಮೀ. ಓಡುವ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರು 30 ಕಿ.ಮೀ. ಒಂದೇ ಉಸಿರಿಗೆ ಹೋಗಿ ಸಂಜೆ ಹಾಗೆಯೇ ಮರಳುತ್ತಾರೆ. ಇನ್ನೊಬ್ಬರು ಐದೈದು ಕಿ.ಮೀ.ಗೊಮ್ಮೆ ಎಂಜಿನ್ ಆರಿಸುತ್ತ ದಿನವಿಡೀ ಅಲೆಯುತ್ತಾರೆ. ಮೊದಲಿನವರಿಗೆ ಡೀಸೆಲ್ ಎಂದು ಕಣ್ಣುಮುಚ್ಚಿ ಹೇಳುತ್ತೇನೆ. ಎರಡನೆಯವರಿಗೆ ಯಾರಾದರೂ ಉಡುಗೊರೆಯಾಗಿ ಕೊಟ್ಟರೂ ಬೇಡ ಎನ್ನುತ್ತೇನೆ. ಏಕೆಂಬುದಕ್ಕೆ ಮುಂದಿನ ಪತ್ರ ಓದಿ.

ಪ್ರಶ್ನೆ: ನನ್ನ ಡೀಸೆಲ್ ಕಾರು ಕೊಂಡು ವರ್ಷವಾಗಿಲ್ಲ. ಮಗುವನ್ನು ಶಾಲೆಗೆ ಬಿಟ್ಟು ಕಚೇರಿಗೆ ಹೋಗುವುದು, ಒಟ್ಟು ನಾಲ್ಕು ಕಿ.ಮೀ. ಆಗಾಗ ಡ್ಯಾಶ್‌ಬೋರ್ಡಿನಲ್ಲಿ ಚುಕ್ಕಿ ತುಂಬಿದ ಡಬ್ಬಿಯಂಥ ಹಳದಿ ದೀಪ ಹೊತ್ತುತ್ತದೆ. ಮೊನ್ನೆ ನೋಡಿದರೆ ಎಂಜಿನ್ ಆಯಿಲ್ ಕಡಿಮೆಯಾಗುವ ಬದಲು ಹೆಚ್ಚಾಗಿದೆ! ಇದೆಂಥ ವಿಚಿತ್ರ?

ಉತ್ತರ: ನಿಮ್ಮ ಪತ್ರವೇ ಈ ತಿಂಗಳ ಅತ್ಯಂತ ಮುಖ್ಯವಾದ ಪತ್ರ. ಡಿಪ್‌ಸ್ಟಿಕ್ ಎಂಬ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದ್ದಕ್ಕೆ ಮೊದಲು ಮೆಚ್ಚುಗೆ. ಹತ್ತರಲ್ಲಿ ಒಂಬತ್ತು ಮಂದಿಗೆ ಅದು ಎಲ್ಲಿದೆ ಎಂಬುದೇ ತಿಳಿದಿರುವುದಿಲ್ಲ.

ಡೀಸೆಲ್ ಉರಿದಾಗ ಮಸಿ ಹುಟ್ಟುತ್ತದೆ. ಈಗಿನ ಕಾರುಗಳಲ್ಲಿ ಅದನ್ನು ಹಿಡಿಯಲು ಡಿಪಿಎಫ್ ಎಂಬ ಸೋಸುಕವಿದೆ. ಜೇನುಗೂಡಿನಂತೆ ಸಣ್ಣ ಸಣ್ಣ ಕೊಳವೆಗಳಿಂದಾದ ಪಿಂಗಾಣಿಯ ದಿಂಡು ಅದು. ಒಂದು ಕೊಳವೆಯ ಮುಂಬಾಯಿ ಮುಚ್ಚಿದ್ದರೆ ಪಕ್ಕದ್ದರ ಹಿಂಬಾಯಿ ಮುಚ್ಚಿರುತ್ತದೆ. ಹೊಗೆ ಗೋಡೆಯ ಮೂಲಕವೇ ನುಸುಳಿ ಹೋಗಬೇಕು, ಮಸಿ ಇತ್ತಲೇ ಉಳಿಯುತ್ತದೆ. ಹೀಗೆ ತುಂಬಿದ ಮಸಿಯನ್ನು ಆಗಾಗ ಸುಟ್ಟುಹಾಕಬೇಕು, ಅದಕ್ಕೆ 600 ಡಿಗ್ರಿಯ ಆಸುಪಾಸಿನ ಶಾಖ ಬೇಕು. ನಾಲ್ಕು ಕಿ.ಮೀ. ದಾರಿಯಲ್ಲಿ ಡೀಸೆಲ್ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಮಿತವಾಗಿ ಕುಡಿಯುವುದರಿಂದ ವ್ಯರ್ಥವಾಗುವ ಶಾಖವೂ ಅದರಲ್ಲಿ ಕಡಿಮೆ.

ಶಾಖ ಸಾಲದಿದ್ದಾಗ ಕಂಪ್ಯೂಟರ್ ಒಂದು ಉಪಾಯ ಹೂಡುತ್ತದೆ. ಸಿಲಿಂಡರಿನ ಕೆಲಸ ಮುಗಿದ ಮೇಲೆ, ಪಿಸ್ಟನ್ ಕೆಳಗಿಳಿಯುತ್ತಿರುವಾಗ, ಇನ್ನೊಂದಿಷ್ಟು ಡೀಸೆಲ್ ಚಿಮ್ಮಿಸುತ್ತದೆ. ಅದು ಹೊಗೆಯ ಜೊತೆಗೆ ಹೋಗಿ ಸೋಸುಕದ ಬಳಿ ಉರಿಯಲಿ, ಮಸಿಯನ್ನು ಸುಡಲಿ ಎಂಬುದು ಲೆಕ್ಕ. ಆದರೆ ಹಾಗೆ ಚಿಮ್ಮಿದ್ದರಲ್ಲಿ ಸ್ವಲ್ಪ ಸಿಲಿಂಡರಿನ ಗೋಡೆಗೆ ಬಡಿದು, ಪಿಸ್ಟನ್ನಿನ ಉಂಗುರಗಳ ಸಂದಿಯಿಂದ ಕೆಳಗಿಳಿದು ಆಯಿಲಿಗೆ ಸೇರುತ್ತದೆ. ನೀವು ನಡುವೆಯೇ ಎಂಜಿನ್ ಆರಿಸಿದರೆ ಮಸಿ ಅರ್ಧ ಉಳಿಯಿತು, ಆಯಿಲಿಗೆ ಇಳಿದ ಡೀಸೆಲ್ ಮಾತ್ರ ಅಲ್ಲೇ ಉಳಿಯಿತು. ಮರುದಿನ ಮತ್ತೆ ಅದೇ ಪ್ರಯತ್ನ, ಮತ್ತೆ ಅರ್ಧಕ್ಕೆ. ನಿಮ್ಮ ಆಯಿಲ್ ಹೆಚ್ಚಿದ್ದು ಹೀಗೆ. ಡಿಪ್‌ಸ್ಟಿಕ್ಕನ್ನು ಬಿಳಿಯ ಬಟ್ಟೆಗೆ ಒರೆಸಿ ಮೂಸಿ ನೋಡಿ. ಡೀಸೆಲ್ ವಾಸನೆ ಮೂಗಿಗೆ ಹೊಡೆದರೆ, ಬೆರಳುಗಳ ನಡುವೆ ತಿಕ್ಕಿದಾಗ ಜಿಡ್ಡಿಗಿಂತ ನೀರುನೀರಾಗಿ ಜಾರಿದರೆ ಸಂಶಯವೇ ಬೇಡ. ತೆಳುವಾದ ಆಯಿಲ್ ಬೇರಿಂಗನ್ನೂ ಕಾಯುವುದಿಲ್ಲ, ಟರ್ಬೊವನ್ನೂ ಕಾಯುವುದಿಲ್ಲ.

ಆಯಿಲ್ ಮೇಲಿನ ಗುರುತನ್ನು ದಾಟಿದ್ದರೆ ಮೊದಲು ಬದಲಾಯಿಸಿ, ಅವಧಿ ಬಾಕಿ ಇದೆ ಎಂದು ಕಾಯಬೇಡಿ. ಆಮೇಲೆ ಕಾರಿನ ಕೈಪಿಡಿಯಲ್ಲಿ ಈ ದೀಪದ ಬಗ್ಗೆ ಬರೆದಿರುವುದನ್ನು ಓದಿ. ಸಾಮಾನ್ಯವಾಗಿ ಅಲ್ಲಿ ಹೇಳಿರುವುದು ಹೀಗೆ: ತೆರೆದ ರಸ್ತೆಯಲ್ಲಿ 60 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ, 2,000 ಆರ್‌ಪಿಎಂ ಮೇಲೆ, ದೀಪ ಆರುವತನಕ ನಿಲ್ಲಿಸದೆ ಓಡಿಸಿ. ಕಾಲು ಗಂಟೆ, ಇಪ್ಪತ್ತು ನಿಮಿಷ ಹಿಡಿಯಬಹುದು. ದೀಪವನ್ನು ಕಡೆಗಣಿಸುತ್ತ ಹೋದರೆ ಒಂದು ದಿನ ಕಾರೇ ಶಕ್ತಿ ಕಡಿಮೆಮಾಡಿಕೊಂಡು ಕುಂಟತೊಡಗುತ್ತದೆ, ಆಗ ವರ್ಕ್‌ಶಾಪಿನವರೇ ಸುಡಬೇಕು. ಇನ್ನು, ‘ಆ ಸೋಸುಕವನ್ನೇ ತೆಗೆಸಿಬಿಡಿ’ ಎಂದು ಸಲಹೆ ಕೊಡುವವರು ನಿಮಗೆ ಸಿಕ್ಕೇ ಸಿಗುತ್ತಾರೆ. ಹಾಗೆ ಮಾಡಿದರೆ ಆ ಮಸಿ ಸೇರುವುದು ನಿಮ್ಮ ಮಗುವಿನ ಶಾಲೆಯ ಗೇಟಿನ ಗಾಳಿಗೆ.

ಓಡಾಟ ಇಷ್ಟೇ ಎಂದಾದರೆ ಕಾರನ್ನು ಮಾರಿ ಪೆಟ್ರೋಲ್ ಕಾರು ಕೊಳ್ಳಿ. ಕಹಿಯೆನಿಸಿದರೂ ನನ್ನ ಸಲಹೆ ಅದೇ.

ಪ್ರಶ್ನೆ: ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಹೆಚ್ಚಿರುವ ಕಾರೇ ಜೋರು ಎನ್ನುತ್ತಾರೆ. ನನ್ನ ಡೀಸೆಲ್ಲಿನದು 250 ನ್ಯೂಟನ್ ಮೀಟರ್, ಗೆಳೆಯನ ಟರ್ಬೊ ಪೆಟ್ರೋಲಿನದು 172. ಆದರೂ ಅವನು ಮುಂದೆ ಹೋಗುತ್ತಾನೆ. ಹೇಗೆ?

ಉತ್ತರ: ಪಕ್ಕದಲ್ಲಿ ಬರೆದಿರುವ ಇನ್ನೊಂದು ಅಂಕಿಯನ್ನು ನೀವು ಬಿಟ್ಟಿದ್ದೀರಿ, ಎಷ್ಟು ಆರ್‌ಪಿಎಂನಲ್ಲಿ ಎಂಬುದನ್ನು. ಶಕ್ತಿ ಎಂದರೆ ಟಾರ್ಕ್ ಮತ್ತು ಸುತ್ತುಗಳ ಗುಣಲಬ್ಧ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವಾಟ್ ಸಿಗುತ್ತದೆ. ನಿಮ್ಮ ಡೀಸೆಲ್ 1,750 ಸುತ್ತಿನಲ್ಲಿ 250 ಕೊಡುತ್ತದೆ ಎನ್ನೋಣ. ಆಗ ಅದರ ಶಕ್ತಿ ಸುಮಾರು 46 ಕಿಲೋವಾಟ್. ಅಷ್ಟೇ ಶಕ್ತಿಗೆ ಗೆಳೆಯನ ಕಾರು 2,550 ಸುತ್ತು ತಿರುಗಬೇಕು. ಪೆಟ್ರೋಲಿಗೆ ಅದೊಂದು ಕಷ್ಟವೇ ಅಲ್ಲ.

ಮೇಲಕ್ಕೆ ಹೋದಂತೆ ಆಟ ಬದಲಾಗುತ್ತದೆ. ನಿಮ್ಮದು 4,000 ದಾಟುವಷ್ಟರಲ್ಲಿ ದಣಿಯುತ್ತದೆ, ಅವನದು 6,000ದವರೆಗೂ ಓಡುತ್ತದೆ. ಹೆಚ್ಚು ತಿರುಗುವ ಎಂಜಿನ್ನಿಗೆ ತಗ್ಗಿನ ಗೇರಿನ ಅನುಪಾತ ಕೊಡಬಹುದು. ಅದೇ ವೇಗಕ್ಕೆ ಅವನ ಎಂಜಿನ್ ನಿಮ್ಮದಕ್ಕಿಂತ ಒಂದೂವರೆ ಪಟ್ಟು ತಿರುಗಿದರೆ ಗಾಲಿಗೆ ಬರುವಾಗ 172 ಎಂಬುದು 258 ಆಗುತ್ತದೆ. ನಿಮ್ಮ 250ರ ಜಂಬ ಅಲ್ಲಿಗೆ ಮುಗಿಯಿತು. ಇದರ ಮೇಲೆ ಡೀಸೆಲ್ ಎಂಜಿನ್ ಭಾರ, ಅದೂ ಮುಂದಿನ ಗಾಲಿಗಳ ಮೇಲಿನ ಭಾರ. ತಿರುವಿನಲ್ಲಿ ಮೂತಿ ತುಸು ತಡವಾಗಿ ತಿರುಗುವುದು ಅದಕ್ಕೇ.

ಆದರೆ ಗೆಳೆಯನಿಗೆ ಇಷ್ಟು ಹೇಳಿ: ಓವರ್‌ಟೇಕಿಗೆ ಅವನು ಗೇರ್ ಇಳಿಸಬೇಕು, ನೀವು ಇದ್ದ ಗೇರಿನಲ್ಲೇ ಒತ್ತಿದರೆ ಸಾಕು. ದಿನವಿಡೀ ದಾರಿ ಸವೆಸುವವರಿಗೆ ಸ್ಪರ್ಧೆಯ ಸೆಕೆಂಡುಗಳಿಗಿಂತ ಈ ನಿರಾಳವೇ ದೊಡ್ಡದು. ನನಗೂ ಡೀಸೆಲ್ಲಿನ ಆ ತಣ್ಣಗಿನ ನೂಕು ಇಷ್ಟ. ಹಾಗೆಂದು ಅದನ್ನು ವೇಗ ಎಂದು ತಪ್ಪು ತಿಳಿಯುವುದಿಲ್ಲ.

ಪ್ರಶ್ನೆ: ಆರು ಜನ, ಛಾವಣಿಯ ಮೇಲೆ ಸಾಮಾನು, ಬೆಟ್ಟದ ದಾರಿ. ಯಾವುದು ವಾಸಿ?

ಉತ್ತರ: ಡೀಸೆಲ್. ಭಾರ ಹೇರಿದಷ್ಟೂ ಪೆಟ್ರೋಲ್ ಟರ್ಬೊ ನಾನು ಮೇಲೆ ಹೇಳಿದ ದಂಡ ಕಟ್ಟುವ ವಲಯಕ್ಕೆ ಜಾರುತ್ತದೆ. ಡೀಸೆಲ್ ಭಾರದಲ್ಲೂ ಗಾಳಿ ಹೆಚ್ಚಿಟ್ಟುಕೊಂಡೇ ಉರಿಯುವುದರಿಂದ ಅದರ ಹೊಗೆ ಅಷ್ಟು ಕಾಯುವುದಿಲ್ಲ, ತಂಪಿಗೆಂದು ಇಂಧನ ಚೆಲ್ಲುವ ಪ್ರಸಂಗವೂ ಇಲ್ಲ. ಎತ್ತರದ ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ ಪಂಗಡ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರ್ ಏರಿದಂತೆ ಸುಮಾರು ಶೇ 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಟರ್ಬೊ ಇದ್ದರೆ ಆ ಕೊರತೆಯ ಬಹುಪಾಲನ್ನು ಅದು ತುಂಬಿಕೊಡುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನೇ ನೆಚ್ಚಿಕೊಳ್ಳದೆ ಕೆಳಗಿನ ಗೇರಿನಲ್ಲಿ ಇಳಿಯಿರಿ. ಇದನ್ನು ನೀವು ಕೇಳಿಲ್ಲ, ಆದರೂ ಹೇಳಬೇಕೆನಿಸಿತು.

ಪ್ರಶ್ನೆ: ಹೆಚ್ಚಿನ ಆಕ್ಟೇನಿನ ದುಬಾರಿ ಪೆಟ್ರೋಲ್ ಹಾಕಿದರೆ ಟರ್ಬೊ ಎಂಜಿನ್ ಮೈಲೇಜ್ ಕೊಡುತ್ತದೆಯೇ?

ಉತ್ತರ: ಆಕ್ಟೇನ್ ಎಂದರೆ ಪೆಟ್ರೋಲ್ ಕುಟ್ಟದೆ ಎಷ್ಟು ತಾಳಿಕೊಳ್ಳುತ್ತದೆ ಎಂಬುದರ ಸಂಖ್ಯೆ. ಇಂಧನದ ಮುಚ್ಚಳದ ಒಳಬದಿಯನ್ನೋ ಕೈಪಿಡಿಯನ್ನೋ ನೋಡಿ. ಅಲ್ಲಿ ಕೇಳಿರುವ ಸಂಖ್ಯೆಗಿಂತ ಕಡಿಮೆಯದನ್ನು ಹಾಕುತ್ತಿದ್ದರೆ ಬದಲಾಯಿಸಿ, ವ್ಯತ್ಯಾಸ ಕಂಡೀತು. ಕುಟ್ಟುವ ಸದ್ದನ್ನು ಸೆನ್ಸರ್ ಕೇಳಿಸಿಕೊಂಡೊಡನೆ ಕಂಪ್ಯೂಟರ್ ಕಿಡಿಯನ್ನು ತಡಮಾಡುತ್ತದೆ, ಆಗ ಶಕ್ತಿಯೂ ಮೈಲೇಜೂ ಎರಡೂ ಇಳಿಯುತ್ತವೆ. ಕೇಳಿದಷ್ಟನ್ನೇ ಹಾಕುತ್ತಿದ್ದರೆ ಅದಕ್ಕಿಂತ ಮೇಲಿನದು ಬಹುಮಟ್ಟಿಗೆ ಮನಸ್ಸಿನ ತೃಪ್ತಿ. ಎಥನಾಲ್ ಬೆರೆತ ಪೆಟ್ರೋಲಿನ ಬಗ್ಗೆಯೂ ಕೆಲವರು ಕೇಳಿದ್ದಾರೆ. ಎಥನಾಲ್ ಕುಟ್ಟುವುದನ್ನು ತಡೆಯುತ್ತದೆ, ಆದರೆ ಲೀಟರಿಗೆ ಅದರ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟೇ. ಶೇ 10 ಬೆರೆಸಿದರೆ ಲೀಟರಿನ ಶಕ್ತಿ ಶೇ 3ರಷ್ಟು ಕಡಿಮೆಯಾಗುತ್ತದೆ. ಮೈಲೇಜಿನಲ್ಲಿ ಅಷ್ಟು ಇಳಿದರೆ ಮೆಕ್ಯಾನಿಕ್‌ನನ್ನು ಬೈಯಬೇಡಿ.

ಕುಟ್ಟುವ ಈ ಕಾಟ ಟರ್ಬೊ ಪೆಟ್ರೋಲಿನ ಜೊತೆಯಲ್ಲೇ ಹುಟ್ಟಿದ್ದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಟರ್ಬೊ ಚಿಂತನೆಗೆ ಪೇಟೆಂಟ್ ಪಡೆದದ್ದು 1905ರಲ್ಲಿ. ಆದರೆ ಮಾರಾಟದ ಕಾರಿಗೆ ಅದು ಬಂದದ್ದು 1962ರಲ್ಲಿ, ಅಮೆರಿಕದಲ್ಲಿ. ಆ ವರ್ಷ ಬಂದವುಗಳಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಒಂದು. ಕುಟ್ಟದಂತೆ ತಡೆಯಲು ಅದರ ಸಿಲಿಂಡರಿಗೆ ಹೋಗುವ ಗಾಳಿಗೆ ನೀರು ಮತ್ತು ಮೆಥನಾಲ್ ಬೆರೆತ ದ್ರವ ಚಿಮುಕಿಸುತ್ತಿದ್ದರು. ಅದಕ್ಕೆ ಬೇರೆಯೇ ತೊಟ್ಟಿ ಇತ್ತು, ಮಾಲೀಕರು ತುಂಬಿಸುವುದನ್ನು ಮರೆಯುತ್ತಿದ್ದರು. ಇಂದು ಆ ಕೆಲಸವನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮುವ ಪೆಟ್ರೋಲ್ ಮತ್ತು ಕಂಪ್ಯೂಟರ್ ಸೇರಿ ಮಾಡುತ್ತವೆ. ಕುಟ್ಟುವುದನ್ನು ತಡೆಯುವ ಅಂಥ ಜವಾಬ್ದಾರಿಯನ್ನು ಕಂಪನಿಗಳು ಮರೆವಿನ ಮಾಲೀಕರಿಗೆ ಆಮೇಲೆ ಕೊಟ್ಟದ್ದು ಅಪರೂಪ.

ಪ್ರಶ್ನೆ: ಟರ್ಬೊ ಕಾರನ್ನು ನಿಲ್ಲಿಸಿದ ಮೇಲೆ ಎಂಜಿನ್ನನ್ನು ಮೂರು ನಿಮಿಷ ಸುಮ್ಮನೆ ಓಡಲು ಬಿಡಬೇಕಂತೆ, ನಿಜವೇ?

ಉತ್ತರ: ಊರೊಳಗೆ ಓಡಾಡಿ ಬಂದಿದ್ದರೆ ಬೇಡ. ಹೆದ್ದಾರಿಯಲ್ಲಿ ಜೋರಾಗಿ ಬಂದು ಒಮ್ಮೆಲೇ ನಿಲ್ಲಿಸಿದ್ದರೆ, ಅಥವಾ ದೊಡ್ಡ ಏರು ಹತ್ತಿ ನಿಲ್ಲಿಸಿದ್ದರೆ, ಒಂದು ನಿಮಿಷ ಬಿಡಿ. ಕಾದ ಟರ್ಬೊದೊಳಗೆ ಹರಿವು ನಿಂತ ಆಯಿಲ್ ಸುಟ್ಟು ಗಟ್ಟಿಯಾಗುತ್ತದೆ ಎಂಬುದೇ ಭಯ. ಅದಕ್ಕಿಂತ ಒಳ್ಳೆಯದು ಕೊನೆಯ ಒಂದೆರಡು ಕಿ.ಮೀ. ಮೆಲ್ಲಗೆ ಬರುವುದು. ಬೆಳಿಗ್ಗೆ ತಣ್ಣಗಿನ ಎಂಜಿನ್ನನ್ನು ಎಬ್ಬಿಸಿದ ಕೂಡಲೇ ಗುಡುಗಿಸುವವರು ಟರ್ಬೊವನ್ನು ಹೆಚ್ಚು ಬೇಗ ಕೊಲ್ಲುತ್ತಾರೆ. ಆದರೆ ಅದರ ಬಗ್ಗೆ ಯಾರೂ ಪತ್ರ ಬರೆಯುವುದಿಲ್ಲ.

ಪ್ರಶ್ನೆ: ಪಂಪಿನ ಹುಡುಗ ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕಿಬಿಟ್ಟರೆ?

ಉತ್ತರ: ಕೀಲಿ ತಿರುಗಿಸಬೇಡಿ. ಅಷ್ಟೇ ಮುಖ್ಯ. ಡೀಸೆಲ್ಲಿನ ಅಧಿಕ ಒತ್ತಡದ ಪಂಪಿಗೆ ಡೀಸೆಲ್ಲೇ ಜಿಡ್ಡು. ಪೆಟ್ರೋಲ್ ಅದನ್ನು ತೊಳೆದುಹಾಕಿದರೆ ಲೋಹ ಲೋಹಕ್ಕೆ ಉಜ್ಜಿ, ಆ ಚೂರು ಇಂಜೆಕ್ಟರುಗಳವರೆಗೂ ಹೋಗುತ್ತದೆ. ಗಾಡಿಯನ್ನು ನೂಕಿ ಪಕ್ಕಕ್ಕೆ ನಿಲ್ಲಿಸಿ, ಟ್ಯಾಂಕ್ ಖಾಲಿ ಮಾಡಿಸಿ.

ಪ್ರಶ್ನೆ: ಡೀಸೆಲ್ ಕೊಳಕು, ಪೆಟ್ರೋಲ್ ಶುದ್ಧ ಎಂದು ನಮ್ಮ ಮನೆಯಲ್ಲಿ ದಿನವೂ ವಾದ. ತೀರ್ಪು ಕೊಡಿ.

ಉತ್ತರ: ಯಾವ ಕೊಳಕು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಇಂಗಾಲದ ಡೈಆಕ್ಸೈಡ್ ಮಾತಾದರೆ, ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.65 ಕೆ.ಜಿ., ಪೆಟ್ರೋಲ್ ಉರಿದರೆ ಸುಮಾರು 2.3. ಹಾಗಾಗಿ 20 ಕಿ.ಮೀ. ಕೊಡುವ ಡೀಸೆಲ್ಲೂ 17.4 ಕೊಡುವ ಪೆಟ್ರೋಲೂ ಸರಿಸಮ. ಅದಕ್ಕಿಂತ ಹೆಚ್ಚು ಕೊಟ್ಟರೆ ಮಾತ್ರ ಡೀಸೆಲ್ ಗೆದ್ದಂತೆ, ಸಾಮಾನ್ಯವಾಗಿ ಗೆಲ್ಲುತ್ತದೆ.

ಉಸಿರಾಟಕ್ಕೆ ಕೆಡುಕಾದ ನೈಟ್ರೋಜನ್ ಆಕ್ಸೈಡುಗಳ ಮಾತಾದರೆ ಡೀಸೆಲ್ ಹೆಸರು ಕೆಡಿಸಿಕೊಂಡಿದೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದು ಇದರಲ್ಲೇ: ಪರೀಕ್ಷೆಯ ವೇಳೆ ಮಾತ್ರ ಶುದ್ಧವಾಗಿ ನಡೆದುಕೊಳ್ಳುವ ತಂತ್ರಾಂಶ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿತ್ತು. ಈಗ ಬಹಳಷ್ಟು ಡೀಸೆಲ್ ಕಾರುಗಳಲ್ಲಿ ಶೇ 32.5ರ ಯೂರಿಯಾ ದ್ರಾವಣ ಚಿಮುಕಿಸಿ ಆ ಆಕ್ಸೈಡುಗಳನ್ನು ನೈಟ್ರೋಜನ್ ಮತ್ತು ನೀರಾಗಿ ಒಡೆಯುತ್ತಾರೆ. ಅದಕ್ಕೆ ಬೇರೆ ತೊಟ್ಟಿ. ಅದು ಪೂರ್ತಿ ಬರಿದಾದರೆ ಕಾರು ಮತ್ತೆ ಸ್ಟಾರ್ಟ್ ಆಗಲು ಒಪ್ಪುವುದಿಲ್ಲ. ಪೆಟ್ರೋಲಿನವರು ಮೀಸೆ ತಿರುವಬೇಕಾಗಿಲ್ಲ. ನೇರವಾಗಿ ಸಿಲಿಂಡರಿಗೆ ಚಿಮ್ಮುವ ಪೆಟ್ರೋಲ್ ಎಂಜಿನ್‌ಗಳಿಂದಲೂ ಕಣ್ಣಿಗೆ ಕಾಣದಷ್ಟು ಸಣ್ಣ ಮಸಿ ಬರುತ್ತದೆ, ಹಾಗಾಗಿ ಅವುಗಳಲ್ಲೂ ಕೆಲವಕ್ಕೆ ಈಗ ಸೋಸುಕ ಬಂದಿದೆ.

ಪ್ರಶ್ನೆ: ಇಷ್ಟೆಲ್ಲ ಹೇಳುವ ನೀವು ಯಾವುದನ್ನು ಕೊಳ್ಳುತ್ತೀರಿ?

ಉತ್ತರ: ಎಂಜಿನ್ ಬಿಸಿಯಾದ ಮೇಲೆ ಎಷ್ಟು ಹೊತ್ತು ಓಡುತ್ತದೆ, ಓಡುವಾಗ ಎಷ್ಟು ಭಾರ ಹೊರುತ್ತದೆ ಎಂದು ಕೇಳಿಕೊಳ್ಳುತ್ತೇನೆ. ಒಂದೊಂದು ಸಲ ಗಂಟೆಗಟ್ಟಲೆ ಓಡುವುದಾದರೆ, ಹೊರೆ ಇರುವುದಾದರೆ ಡೀಸೆಲ್. ಅದರ ಒಂದು ಗುಣ ನನಗೆ ಬಹಳ ಮೆಚ್ಚುಗೆ: ಒರಟಾಗಿ ಓಡಿಸಿದರೂ ಮೈಲೇಜ್ ಪಾತಾಳಕ್ಕೆ ಬೀಳುವುದಿಲ್ಲ. ಚಿಕ್ಕ ಓಡಾಟ, ಆಗೊಮ್ಮೆ ಈಗೊಮ್ಮೆ ಹೆದ್ದಾರಿ, ಓಡಿಸುವುದರಲ್ಲಿ ಸುಖ ಬೇಕು ಎಂದರೆ ಟರ್ಬೊ ಪೆಟ್ರೋಲ್. ಅದು ಮೈಲೇಜನ್ನೂ ಕೊಡುತ್ತದೆ, ಪಿಕಪ್ಪನ್ನೂ ಕೊಡುತ್ತದೆ, ಆದರೆ ಎರಡನ್ನೂ ಒಂದೇ ಹೊತ್ತಿಗೆ ಕೊಡುವುದಿಲ್ಲ. ಚಿಕ್ಕ ಓಡಾಟವೂ ಹೌದು, ಸುಖದ ಹಂಬಲವೂ ಇಲ್ಲ ಎನ್ನುವವರಿಗೆ ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಎಂಜಿನ್ ಇನ್ನೂ ಸಿಗುತ್ತದೆ. ಕೆಡಲು ಒಂದು ಭಾಗ ಕಡಿಮೆ. ಮಾರುವವರು ಅದನ್ನು ತೋರಿಸಲು ಮುಜುಗರಪಡುತ್ತಾರೆ, ನೀವೇ ಕೇಳಿ ನೋಡಬೇಕು.

ಮತ್ತೆ ವೇಗ. 90ರಲ್ಲಿ ಹೋಗುವ ಬದಲು 120ರಲ್ಲಿ ಹೋದರೆ ಗಾಳಿಯ ತಡೆ ಹತ್ತಿರ ಹತ್ತಿರ 1.8 ಪಟ್ಟಾಗುತ್ತದೆ. ಯಾವ ಇಂಧನವಾದರೂ ಇದರಿಂದ ಬಿಡುಗಡೆಯಿಲ್ಲ. ನನಗೆ ಪತ್ರ ಬರೆದ ಅರ್ಧದಷ್ಟು ಮಂದಿ ಎಂಜಿನ್ ಬದಲಿಸುವ ಬದಲು ವೇಗ ಬದಲಿಸಿದರೂ ಅವರ ದೂರು ಮುಕ್ಕಾಲು ಕರಗುತ್ತದೆ.

ಪ್ರಶ್ನೆ: ಕಂಪ್ಯೂಟರಿಗೆ ‘ರೀಮ್ಯಾಪ್’ ಮಾಡಿಸಿದರೆ ಮೈಲೇಜೂ ಹೆಚ್ಚುತ್ತದೆ, ಶಕ್ತಿಯೂ ಹೆಚ್ಚುತ್ತದೆ ಎಂದು ಒಬ್ಬರು ಖಾತ್ರಿ ಕೊಡುತ್ತಿದ್ದಾರೆ. ಮಾಡಿಸಲೇ?

ಉತ್ತರ: ಬೇಡ. ರೀಮ್ಯಾಪ್ ಎಂದರೆ ಎಂಜಿನ್ನಿನ ಕಂಪ್ಯೂಟರಿನ ತಂತ್ರಾಂಶ ಬದಲಿಸುವುದು. ಶಕ್ತಿ ಹೆಚ್ಚುವುದು ನಿಜ, ಟರ್ಬೊದ ಒತ್ತಡ ಏರಿಸಿದರೆ ಯಾರಿಗಾದರೂ ಅದು ಸಾಧ್ಯ. ಕಂಪನಿಯವರು ಕ್ಲಚ್ಚಿಗೆ, ಗೇರ್‌ಬಾಕ್ಸಿಗೆ, ಪಿಸ್ಟನ್ನಿಗೆ ಎಂದು ಬಿಟ್ಟಿದ್ದ ಅಂತರವನ್ನು ಅವರು ನಿಮಗೆ ಮಾರುತ್ತಿದ್ದಾರೆ. ಅದು ಮುಗಿದ ದಿನ ವಾರಂಟಿಯ ಕಾಗದ ಹಿಡಿದು ಹೋದರೆ ಕಂಪನಿಯವರು ತಂತ್ರಾಂಶದ ಗುರುತು ನೋಡಿ ಕಾಗದವನ್ನು ನಿಮಗೇ ಮರಳಿಸುತ್ತಾರೆ. ಖಾತ್ರಿ ಕೊಟ್ಟವರು ಅದನ್ನು ಬರೆದು, ಸಹಿ ಹಾಕಿ ಕೊಡುತ್ತಾರೆಯೇ ಎಂದು ಕೇಳಿ. ಕೊಟ್ಟರೆ ನನಗೂ ಒಂದು ಪ್ರತಿ ಕಳುಹಿಸಿ.